ತುಟಿಯಲ್ಲಿದ್ದ ಪಿನ್ನು

“ಹುಷಾರಾಗಿ ಹೋಗ್ಬನ್ನಿ” ಎನ್ನಲು ಮೆಕ್ಯಾನಿಕ್ ಅಜ್ಜ ಬಾಯಿ ತೆರೆದದ್ದೇ ತಡ, ತುಟಿಯಿಂದ ಪಿನ್ನು ಜಾರಿ ಕಾಲ ಬುಡಕ್ಕೆ ಬಿತ್ತು. ದೋಣಿಯ ಟ್ರೇಲರ್ ಎಳೆದುಕೊಂಡು ಅಳಿಯನ ಕಾರು ಆಗಲೇ ಗೇಟು ದಾಟಿತ್ತು.

ನೀರು ಕುಡಿದ ಬೇರಿಂಗಿಗೆ ಹೊಸ ಗ್ರೀಸ್ ತುಂಬುವಾಗ ಪಿನ್ನನ್ನು ತುಟಿಯಲ್ಲಿ ಕಚ್ಚಿಕೊಳ್ಳುವುದು ಅವನ ನಲವತ್ತು ವರ್ಷದ ಅಭ್ಯಾಸ. ಟ್ರೇಲರಿನ ಚಕ್ರದ ನಟ್ಟು ಕಳಚದಂತೆ ತಡೆಯುವುದು ಅದೊಂದೇ. ಇವತ್ತು ಅದನ್ನು ಮರಳಿ ಹಾಕುವುದೇ ಮರೆತಿದ್ದ.

“ಅಳಿಯಂದ್ರಿಗೆ ಫೋನ್ ಮಾಡೇ, ಬೇಗ!”

“ಗಾಡಿ ಓಡಿಸೋವಾಗ ಫೋನ್ ಬೇಡ ಅಂತ ಈಗ್ತಾನೆ ಆಫ್ ಮಾಡಿಸಿದ್ದು ನೀವೇ ಅಲ್ವೇನ್ರೀ?” ಎಂದಳು ಹೆಂಡತಿ.

ಅಜ್ಜ ಎದ್ದೆನೋ ಬಿದ್ದೆನೋ ಎಂದು ರಸ್ತೆಗೆ ಓಡಿ, ಗ್ರೀಸ್ ಮೆತ್ತಿದ ಎರಡೂ ಕೈ ಎತ್ತಿ ಬೀಸಿದ. ಇಳಿಜಾರಿನ ತಿರುವಿನಲ್ಲಿ ಕಾರಿನ ಕಿಟಕಿಯಿಂದ ತಲೆ ಹೊರಹಾಕಿದ ಮೊಮ್ಮಗಳು, ನಗುತ್ತಾ, ತಾನೂ ಎರಡೂ ಕೈ ಬೀಸಿದಳು.