ಎಲ್ಲಾ ಹಸಿರು

ಕೇಸರಿಬಾತಿನ ತಟ್ಟೆಗಳನ್ನು ಪಕ್ಕಕ್ಕೆ ಸರಿಸಿ ವಿಶ್ವನಾಥ್ ಟೀಪಾಯಿಯ ಮೇಲೆ ಲ್ಯಾಪ್‌ಟಾಪ್ ತೆರೆದಿಟ್ಟ. ಆಯುಧಪೂಜೆಯಲ್ಲಿ ಬಳಿದ ವಿಭೂತಿಯ ಮೂರೆಳೆ ಅದರ ಮುಚ್ಚಳದ ಮೇಲೆ ಇನ್ನೂ ಮಾಸಿರಲಿಲ್ಲ.

"ನಮ್ಮ ಕಾಲದಾಗೆ ಹೆಣ್ಣು ನೋಡಾಕೆ ಬಂದ್ರೆ ಹಾಡು ಹೇಳಿಸ್ತಿದ್ರು, ನಡೆಸಿ ನೋಡ್ತಿದ್ರು," ಎಂದರು ಅವನ ತಾಯಿ ಜಗದಾಂಬ, ಮೊಳಕಾಲ್ಮೂರಿನ ಆ ನಡುಮನೆಯನ್ನು ಕಣ್ಣಲ್ಲೇ ಅಳೆಯುತ್ತಾ. "ನಮ್ಮ ಹುಡುಗ ಅಂಥಾದ್ದೆಲ್ಲ ಕೇಳಲ್ಲ ಬಿಡ್ರಿ. ಒಂದೇ ಒಂದು ಲೆಕ್ಕ ಕೊಡ್ತಾನೆ."

ಚಳ್ಳಕೆರೆಯಲ್ಲಿ ಅಪ್ಪನ ಎಣ್ಣೆ ಅಂಗಡಿಯ ಮಹಡಿಯ ಮೇಲೆ ವಿಶ್ವನಾಥ್ ಕೋಡಿಂಗ್ ಕ್ಲಾಸು ನಡೆಸುತ್ತಿದ್ದ. ಹೆಣ್ಣುಮಕ್ಕಳ ಬ್ಯಾಚಿಗೆ ಪಾಠ ಹೇಳುವವರು ಬೇಕಾಗಿತ್ತು. ಹೊರಗಿನವರಾದರೆ ಸಂಬಳ ಕೇಳುತ್ತಾರೆ. ಹೆಂಡತಿಯಾದರೆ ಪಾಠ ಮುಗಿಸಿ ಬಂದು ಅಡುಗೆಯನ್ನೂ ಮಾಡುತ್ತಾಳೆ.

"ಇಸವಿ ಕೊಟ್ರೆ ಅದು ಲೀಪ್ ಇಯರ್ ಹೌದೋ ಅಲ್ಲವೋ ಪ್ರೋಗ್ರಾಮ್ ಹೇಳ್ಬೇಕು," ಎಂದ ಅವನು. "ಬರೆದಾದ್ಮೇಲೆ ಟೆಸ್ಟ್ ಓಡ್ಸಿ. ತಪ್ಪಿದ್ರೆ ಕೆಂಪು, ಸರಿಯಿದ್ರೆ ಹಸಿರು. ನಾನು ಬಾಯಿ ಹಾಕಲ್ಲ, ಮಿಷಿನ್ನೇ ಹೇಳ್ತೈತೆ."

ಎದುರಿಗೆ ಕೂತಿದ್ದ ಹುಡುಗಿ ದಾಕ್ಷಾಯಿಣಿಗೆ ಒಳಗೊಳಗೇ ಸಮಾಧಾನವಾಯಿತು. ಪದವಿ ಮುಗಿದಾಗಿನಿಂದ ಇಂಥ ಅಭ್ಯಾಸಗಳನ್ನು ಅವಳು ಹಳೆಯ ಲ್ಯಾಪ್‌ಟಾಪಿಗೆ ಇಳಿಸಿಕೊಂಡು, ನೆಟ್‌ವರ್ಕ್ ಇಲ್ಲದ ಮಧ್ಯಾಹ್ನಗಳಲ್ಲೂ ಒಬ್ಬಳೇ ಮಾಡುತ್ತಿದ್ದಳು. ಎಂಟರ್ ಒತ್ತಿದ ಮೇಲೆ, ಫಲಿತಾಂಶ ಬರುವ ಮುಂಚಿನ ಆ ಒಂದು ಗುಟುಕು ಮೌನ ಅವಳಿಗೆ ಇಷ್ಟ. ಅಲ್ಲಿ ಯಾರೂ ಅವಳ ಮೈಬಣ್ಣ ನೋಡುತ್ತಿರಲಿಲ್ಲ. ಹಿಂದೆ ಬಂದಿದ್ದ ಇಬ್ಬರು ಗಂಡುಗಳು ಅದನ್ನಷ್ಟೇ ನೋಡಿ ಎದ್ದು ಹೋಗಿದ್ದರು.

ಬರೆದಳು. ಓಡಿಸಿದಳು. ಹಸಿರು ಸಾಲುಗಳ ನಡುವೆ ಒಂದು ಕೆಂಪು.

"ಅಯ್ಯೋ," ಎಂದರು ಜಗದಾಂಬ. ಲೆಕ್ಕ ತಿಳಿಯದಿದ್ದರೂ ಅವರಿಗೆ ಬಣ್ಣ ತಿಳಿಯುತ್ತಿತ್ತು.

"ಸಾವಿರದ ಒಂಬೈನೂರು," ವಿಶ್ವನಾಥ್ ಬೆರಳಿಟ್ಟು ತೋರಿಸಿದ. ಮುಖದಲ್ಲಿ ತೃಪ್ತಿಯಿತ್ತು. "ನಾಲ್ಕರಿಂದ ಭಾಗ ಆಗ್ತೈತಲ್ರಿ? ಅಂದ್ಮೇಲೆ ಲೀಪ್ ಇಯರ್ರೇ. ನೀವು ಅಲ್ಲ ಅಂದಿದೀರ."

"ನೂರರಿಂದ್ಲೂ ಭಾಗ ಆಗ್ತೈತಲ್ರಿ. ಅಂಥ ಇಸವಿ ನಾನೂರರಿಂದ ಭಾಗ ಆದ್ರೆ ಮಾತ್ರ ಲೀಪು."

"ಅಷ್ಟು ಆಳಕ್ಕೆ ಯಾಕೆ ಹೋಗ್ತೀರ? ಟೆಸ್ಟ್ ಏನಂತೈತೆ, ಅದನ್ನ ನೋಡ್ರಿ."

ಯಾವ ಇಸವಿಗೆ ಯಾವ ಉತ್ತರ ಬರಬೇಕೆಂದು ಬರೆದಿಟ್ಟ ಟೆಸ್ಟಿನ ಫೈಲನ್ನೇ ಅವಳು ತೆರೆದಳು. ಸಾವಿರದ ಒಂಬೈನೂರಕ್ಕೆ 'ಅಲ್ಲ' ಎನ್ನುವ ಮೂಲ ಸಾಲು ಅಲ್ಲೇ ಇತ್ತು. ಅದು ಓಡದ ಹಾಗೆ ಮುಂದೊಂದು ಗುರುತು ಹಾಕಿ ಬಾಯಿ ಕಟ್ಟಲಾಗಿತ್ತು. ಅದರ ಕೆಳಗೆ 'ಹೌದು' ಎಂದು ಹೊಸ ಸಾಲು.

"ಇದನ್ನ ಯಾರು ತಿದ್ದಿದ್ದು?"

"ನಾನೇ. ನಾನ್ ಬರೆದಿದ್ದು ಅಲ್ಲಿ ಕೆಂಪು ತೋರಿಸ್ತಿತ್ತು. ಟೆಸ್ಟೇ ತಪ್ಪೈತೆ ಅಂತ ಸರಿಮಾಡ್ದೆ," ಎಂದ ವಿಶ್ವನಾಥ್, ಒಂದಿಷ್ಟೂ ಅಳುಕದೆ. "ಮೂರು ಬ್ಯಾಚಿನ ಹುಡುಗ್ರು ಇದ್ರಾಗೇ ಪಾಸಾಗವ್ರೆ!"

ದಾಕ್ಷಾಯಿಣಿಯ ಅಪ್ಪ ಶಿವಮೂರ್ತಪ್ಪ ಕೆಮ್ಮಿದರು. ಈ ಸಂಬಂಧವೂ ಕೈತಪ್ಪೀತೆಂಬ ಭಯ ಆ ಕೆಮ್ಮಿನಲ್ಲಿತ್ತು. "ಅವರು ಹೇಳ್ದಂಗೆ ಬರ್ದುಬಿಡವ್ವ," ಎಂದರು ಮಗಳಿಗೆ. "ಹಸಿರು ಬಂದ್ರೆ ಸಾಕು."

ಎಲ್ಲರೂ ಅವಳ ಬೆರಳುಗಳನ್ನೇ ನೋಡುತ್ತಿದ್ದರು. ಇದು ಅವಳಿಗೆ ಪರಿಚಯವಿದ್ದ ಮೌನವಲ್ಲ. ಇದರೊಳಗೆ ಫಲಿತಾಂಶ ಮೊದಲೇ ಬಂದು ಕೂತಿತ್ತು. ಅವಳು ತನ್ನ ಕೋಡಿಗೆ ಒಂದೇ ಒಂದು ಸಾಲು ಸೇರಿಸಿದಳು: ಸಾವಿರದ ಒಂಬೈನೂರು ಅಂತ ಕೇಳಿದರೆ, ಏನನ್ನೂ ಲೆಕ್ಕ ಮಾಡದೆ 'ಹೌದು' ಅನ್ನು. ಎಂಟರ್ ಒತ್ತಿದಳು. ಎಲ್ಲಾ ಹಸಿರು.

"ನೋಡಮ್ಮಾ, ಹೇಳಿಕೊಟ್ರೆ ಕಲೀತಾರೆ," ಎಂದು ವಿಶ್ವನಾಥ್ ತಾಯಿಯ ಕಡೆ ತಿರುಗಿ ನಕ್ಕ. ಜಗದಾಂಬ ಆಗಲೇ ಎಲೆಅಡಿಕೆಯ ತಟ್ಟೆಗೆ ಕೈ ಚಾಚಿದ್ದರು. "ನಮಗೆ ಹುಡುಗಿ ಒಪ್ಪಿಗೆ ಕಣ್ರಿ," ಎಂದವರು, ನೆನಪಾದವರಂತೆ ಕೇಳಿದರು: "ನಿನಗೂ ಒಪ್ಪಿಗೆ ತಾನೇನವ್ವ?"

ದಾಕ್ಷಾಯಿಣಿ ಲ್ಯಾಪ್‌ಟಾಪ್ ಮುಚ್ಚಿದಳು. ವಿಭೂತಿಯ ಎಳೆಗಳು ಅಳಿಸದಂತೆ ಎರಡೂ ಕೈಯಲ್ಲಿ ಎತ್ತಿ, ಅದನ್ನು ವಿಶ್ವನಾಥನ ತೊಡೆಯ ಮೇಲಿಟ್ಟಳು.

"ಪ್ರಶ್ನೆ ನಿಮ್ಮದು, ಉತ್ತರಾನೂ ನಿಮ್ಮದೇ ಐತಲ್ರಿ," ಎಂದಳು. "ನಡುವೆ ನಾನ್ಯಾಕೆ?"