ಕೈ ನಿಂದು, ಮಾತು ನಂದು

ಬ್ಲೌಸುಗಳ ಕಚ್ಚಾ ಹೊಲಿಗೆಯ ದಾರವನ್ನು ನಾನು ಕೀಳುತ್ತಿದ್ದೆ. ಫ್ಯಾಷನ್ ಡಿಸೈನ್ ಓದುವ ಹುಡುಗಿ ಎದುರು ಬಂದು ಕೂತು, ತನ್ನ ವಾಚು ಬಿಚ್ಚಿ ನನ್ನ ಕೈಗೆ ಕಟ್ಟಿದಳು.

ಅವಳು ನಮ್ಮ ಟೈಲರ್ ಅಂಗಡಿಗೆ ಇಂಟರ್ನ್‌ಶಿಪ್ಪಿಗೆಂದು ಬಂದು ಎರಡು ತಿಂಗಳಾಗಿತ್ತು. ಮಿಷನ್ನಿನ ಜೊತೆ ಮುನ್ನೂರು ಫೋಟೊ ತೆಗೆಸಿಕೊಂಡಿದ್ದಳು. ಸೂಜಿಗೆ ದಾರ ಪೋಣಿಸುವುದು ಮಾತ್ರ ಇನ್ನೂ ಬಂದಿರಲಿಲ್ಲ. ಇವತ್ತು ಒಂದು ಕಂಪನಿಯವರು ವಿಡಿಯೋ ಕಾಲ್‌ನಲ್ಲಿ ಇಂಟರ್‌ವ್ಯೂ ಮಾಡುವವರಿದ್ದರು. ಅವರ ಕಣ್ಣೆದುರೇ ಕಾಲರ್ ಹೊಲಿದು ತೋರಿಸಬೇಕಿತ್ತು.

“ಕೈ ಮಾತ್ರ ಕಾಣೋ ಹಾಗೆ ಫೋನ್ ಇಡ್ತೀನಿ. ಕೈ ನಿಂದು, ಮಾತು ನಂದು. ಈ ಕೆಲಸ ತಪ್ಪಿದ್ರೆ ನಮ್ಮಪ್ಪ ನನ್ನನ್ನ ಮಾವನ ಕೋಳಿಫಾರಂ ಕೆಲಸಕ್ಕೆ ಹಾಕ್ತಾರೆ ಕಣೇ.”

“ನಾನು ಏಳನೇ ಕ್ಲಾಸಿಗೇ ಬಿಟ್ಟೋಳು ಅಕ್ಕ.”

“ಕೈಗೆ ಯಾವ ಕ್ಲಾಸು? ಸುಮ್ನೆ ಹೊಲಿ.”

ಕಂಪನಿಯ ಸರ್ ಕಾಲ್ ಮಾಡಿದರು. ಅವಳು ಮುಖ ತೋರಿಸಿ ನಮಸ್ಕಾರ ಹೇಳಿ, ಫೋನನ್ನು ನನ್ನ ಕೈಗಳ ಮುಂದೆ ಇಟ್ಟು ನನ್ನ ಬೆನ್ನ ಹಿಂದೆ ನಿಂತಳು. ನಾನು ಹೊಲಿಯತೊಡಗಿದೆ.

“ಎಷ್ಟು ನೀಟಾಗಿದೆ! ಎಲ್ಲಿ ಕಲಿತ್ರಿ?” ಎಂದರು ಸರ್.

“ಇಂಟರ್ನ್‌ಶಿಪ್‌ನಲ್ಲಿ ಸರ್,” ಎಂದಳು ಅವಳು. “ಕಾಲೇಜಲ್ಲಿ ಬರೀ ಪುಸ್ತಕ. ನಿಜವಾದ ಕೆಲಸ ಕೈಗೆ ಹತ್ತಿದ್ದು ಇಲ್ಲೇ.”

“ಅದಕ್ಕೇ ನಾವು ಇಂಟರ್ನ್‌ಶಿಪ್ ಮಾಡಿದವರನ್ನೇ ತಗೊಳ್ಳೋದು. ಕೆಲಸ ನಿಮ್ಮದೇ. ಸೋಮವಾರ ಬಂದ್ಬಿಡಿ.”

ಅವಳು ಖುಷಿ ತಡೆಯಲಾರದೆ ಪಟಪಟನೆ ಚಪ್ಪಾಳೆ ತಟ್ಟಿದಳು. ಫೋನಿನಲ್ಲಿ ಕಾಣುತ್ತಿದ್ದ ಎರಡು ಕೈಗಳು ಕಾಲರ್ ಹೊಲಿಯುತ್ತಲೇ ಇದ್ದವು.

“ಫೋನ್ ಸ್ವಲ್ಪ ಮೇಲಕ್ಕೆತ್ತಿ,” ಎಂದರು ಸರ್. ಅವಳು ನನ್ನ ಬೆನ್ನ ಹಿಂದೆ ಬಗ್ಗಿ ಕೂತಳು. ಸರ್ ಮತ್ತೆ ಹೇಳಿದರು, “ಹೊಲೀತಿರೋ ಅಮ್ಮಾ, ಫೋನ್ ಸ್ವಲ್ಪ ಮೇಲಕ್ಕೆತ್ತಿ.”