ಬಾಮೈದ ಕೊಟ್ಟ ರಕ್ತ

ಆಸ್ಪತ್ರೆಯಿಂದ ಫೋನ್ ಬಂದಾಗಲೇ ಬಸ್ ಡ್ರೈವರನಿಗೆ ಗುಟ್ಟು ರಟ್ಟಾಗಿದೆ ಎನ್ನಿಸಿತು. ನಿಮ್ಮ ರಕ್ತದ ವಿಷಯದಲ್ಲಿ ಏನೋ ತೊಡಕಾಗಿದೆ, ಒಮ್ಮೆ ಬಂದು ಹೋಗಿ ಎಂದಷ್ಟೇ ಡಾಕ್ಟರಮ್ಮ ಹೇಳಿದ್ದರು. ತೊಡಕೇನೆಂದು ಅವನು ಕೇಳಲಿಲ್ಲ. ಅವರ ಹತ್ತಿರ ಇದ್ದದ್ದು ಅವನ ರಕ್ತವೇ ಅಲ್ಲ.

ಅವನ ಅಪ್ಪ ನಲವತ್ತೆಂಟಕ್ಕೆ ಹೃದಯಾಘಾತವಾಗಿ, ಕೆಲಸಕ್ಕೆಂದು ಹೊರಟವರು ಹೊಸಿಲು ದಾಟದೆ ಹೋಗಿಬಿಟ್ಟಿದ್ದರು. ಆಗ ಅವನಿಗೆ ಹತ್ತು ವರ್ಷ, ಅಕ್ಕನಿಗೆ ಹನ್ನೆರಡು. ಹೋದ ವರ್ಷ ಅಕ್ಕನಿಗೆ ಪಾರ್ಶ್ವವಾಯು ಬಡಿಯಿತು. ಬಲಗೈ ಬಲಗಾಲು ಸ್ವಾಧೀನ ತಪ್ಪಿದವು. ಅಂದಿನಿಂದ ಅವಳು ತಮ್ಮನ ಮನೆಯಲ್ಲೇ, ಅಮ್ಮನ ಆರೈಕೆಯಲ್ಲಿದ್ದಳು.

ಮಿದುಳಿಗೆ ಬಡಿಯುವ ಕಾಯಿಲೆಯೂ ಹೃದಯಕ್ಕೆ ಬಡಿಯುವ ಕಾಯಿಲೆಯೂ ವಂಶದಲ್ಲಿ ಒಂದೇ ದಾರ ಹಿಡಿದು ಇಳಿದು ಬರುತ್ತವೆಯೇ ಎಂದು ಡಾಕ್ಟರಮ್ಮ ಸಂಶೋಧನೆ ನಡೆಸುತ್ತಿದ್ದರು. ಅಪ್ಪನಿಗೆ ಅದು, ಮಗಳಿಗೆ ಇದು. ಇಂಥ ಮನೆಯನ್ನೇ ಅವರು ಹುಡುಕುತ್ತಿದ್ದದ್ದು. ಅಕ್ಕನ ರಕ್ತ ತೆಗೆದುಕೊಂಡರು. ಒಡಹುಟ್ಟಿದವನ ರಕ್ತವೂ ಸಿಕ್ಕಿದರೆ ಇಬ್ಬರ ಜೀನುಗಳನ್ನು ಪಕ್ಕಪಕ್ಕ ಇಟ್ಟು ನೋಡಬಹುದು ಎಂದರು.

ಅವನಿಗೆ ಕೆಲಸದ ಚಿಂತೆ ಹತ್ತಿತು. ಅಪ್ಪನ ಕಾಯಿಲೆ ತನ್ನ ರಕ್ತದಲ್ಲೂ ಇದೆ ಎಂದು ಕಾಗದದ ಮೇಲೆ ಬಂದುಬಿಟ್ಟರೆ, ಐವತ್ತು ಜನ ಕೂತ ಬಸ್ಸನ್ನು ಯಾರು ತನ್ನ ಕೈಗೆ ಕೊಡುತ್ತಾರೆ? ಆಗುವುದಿಲ್ಲ ಎನ್ನೋಣವೆಂದರೆ ಅಕ್ಕ ನೊಂದುಕೊಳ್ಳುತ್ತಾಳೆ.

ಉಪಾಯ ಹೇಳಿಕೊಟ್ಟವಳು ಅಮ್ಮ. ಒಂದು ಸಣ್ಣ ಸುಳ್ಳಿಗೂ ಚಿಕ್ಕಂದಿನಲ್ಲಿ ಅವನ ಕಿವಿ ಹಿಂಡಿದವಳು. "ನೀನು ಹೋಗಬೇಡ. ನಿನ್ನ ಹೆಂಡತಿ ತಮ್ಮ ಇದ್ದಾನಲ್ಲ, ಅವನು ನಿನ್ನ ಹೆಸರು ಹೇಳಿ ಕೊಟ್ಟು ಬರಲಿ" ಎಂದಳು. ತನ್ನ ಕೆಲಸ ಹೋದೀತೆಂದು ಅಮ್ಮನಿಗೆ ತನಗಿಂತ ಹೆಚ್ಚು ದಿಗಿಲು ಎನ್ನಿಸಿ ಅವನ ಕಣ್ಣು ತುಂಬಿತು. ಬಾಮೈದ ಬಡಗಿ, ಕಲ್ಲುಗುಂಡಿನಂಥ ಆಳು. ಹೋಗಿ ಕೊಟ್ಟು ಬಂದು, ಸೂಜಿಯೇ ಬಗ್ಗಿಹೋಯಿತು ಎಂದು ನಕ್ಕ.

ಅಮ್ಮನಿಗೆ ಮಗನೆಂದರೆ ಪ್ರಾಣ. ಮನೆಗೆಲ್ಲ ಗೊತ್ತಿದ್ದ ಮಾತು ಅದು. ಅಪ್ಪ ಹೋದ ಮೇಲೆ ಅಕ್ಕನ ತಟ್ಟೆಯಲ್ಲಿ ಉಪ್ಪು ಅರ್ಧವಾಯಿತು, ಕರಿದದ್ದು ನಿಂತೇ ಹೋಯಿತು. ಅವನ ತಟ್ಟೆಗೆ ಮಾತ್ರ ಬೆಣ್ಣೆ ಬೀಳುತ್ತಲೇ ಇತ್ತು. "ಗಂಡುಮಗ ತಾನೆ, ತಿನ್ನಪ್ಪ" ಎಂದು ಅಕ್ಕ ಈಗಲೂ ತೊದಲು ಮಾತಿನಲ್ಲೇ ಚುಚ್ಚುತ್ತಾಳೆ. ಎದೆಯಲ್ಲಿ ಚಳುಕು ಎಂದು ಅವನು ಹೆದರಿದಾಗಲೆಲ್ಲ ಅಮ್ಮನದು ಒಂದೇ ಮಾತು, ಅಪ್ಪನ ಕಾಯಿಲೆ ನಿನ್ನ ಹತ್ತಿರ ಸುಳಿಯಲ್ಲ ಎಂದು. ತಾಯಿಯ ಬಾಯಿಂದ ಬಂದ ಆಶೀರ್ವಾದ ಅಂದುಕೊಂಡು ಅವನು ಸಮಾಧಾನಪಡುತ್ತಿದ್ದ.

ಡಾಕ್ಟರಮ್ಮನ ಕೋಣೆಯಲ್ಲಿ ರಕ್ತ ತೆಗೆಯುವ ಹೆಂಗಸು ಗೋಡೆಗೆ ಒತ್ತಿ ನಿಂತಿದ್ದಳು. ದಿನಕ್ಕೆ ಹತ್ತಾರು ಜನರ ರಕ್ತ ತೆಗೆಯುವವಳು, ಅಂದು ಬಂದವನು ಇವನಲ್ಲವೆಂದು ಗುರುತಿಸಲಿಲ್ಲ. ಒಡಹುಟ್ಟಿದವರ ಜೀನುಗಳು ಹೆಚ್ಚುಕಡಿಮೆ ಅರ್ಧದಷ್ಟು ಹೊಂದಬೇಕು, ಇವೆರಡು ನೋಡಿದರೆ ದಾರಿಯಲ್ಲಿ ಎದುರಾದ ಯಾರೋ ಇಬ್ಬರ ರಕ್ತದ ಹಾಗಿವೆ ಎಂದು ಡಾಕ್ಟರಮ್ಮ ವಿವರಿಸಿದರು. ಟ್ಯೂಬ್ ಅದಲುಬದಲಾಗಿದೆ. ತಪ್ಪು ನಮ್ಮದೇ. ಇನ್ನೊಮ್ಮೆ ರಕ್ತ ಕೊಡಬೇಕು.

ಅವನಿಗೆ ನಿರಾಳವಾಯಿತು. ಆದರೆ ಅವರ ಮಾತು ಮುಗಿದಿರಲಿಲ್ಲ. ಸಂಶೋಧನೆಯಲ್ಲಿ ಇಂಥ ತಪ್ಪಿಗೆ ಕ್ಷಮೆಯಿಲ್ಲವಂತೆ. ನಾಳೆಯಿಂದ ಬರಬೇಡ ಎಂದು ಆ ಹೆಂಗಸಿಗೆ ಹೇಳಿಯಾಗಿತ್ತು. ಎರಡೆರಡು ಸಲ ಹೆಸರು ಕೇಳಿಯೇ ಚೀಟಿ ಅಂಟಿಸಿದ್ದೆ ಎಂದು ಅವಳು ಮೆಲ್ಲಗೆ ಹೇಳಿದಳು. ಡಾಕ್ಟರಮ್ಮ ಕಿವಿಗೆ ಹಾಕಿಕೊಳ್ಳಲಿಲ್ಲ.

ಬಚಾವಾದೆ ಎಂದುಕೊಂಡು ಅವನು ಎದ್ದುಬಿಡಬಹುದಿತ್ತು. ಎದ್ದದ್ದೂ ಹೌದು. ಅಷ್ಟರಲ್ಲಿ ಅವಳ ಕೈ ಕಣ್ಣಿಗೆ ಬಿತ್ತು. ಬಿಳಿ ಕೋಟಿನ ಒಂದೇ ಗುಂಡಿಯನ್ನು ಬಿಚ್ಚುತ್ತಿತ್ತು, ಹಾಕುತ್ತಿತ್ತು. ಕೆಲಸ ಹೋಗುವ ಭಯ ಎಂಥದ್ದೆಂದು ಅವನಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ.

"ಅವರದೇನೂ ತಪ್ಪಿಲ್ಲ ಮೇಡಂ" ಎಂದ. "ಅದು ನನ್ನ ಬಾಮೈದನ ರಕ್ತ."

ಡಾಕ್ಟರಮ್ಮ ಮೊದಲು ಕೆಂಡವಾದರು. ಎಲ್ಲ ಕೇಳಿದ ಮೇಲೆ ಅವರಿಗೆ ನಗು ತಡೆಯಲಾಗಲಿಲ್ಲ. ಇಲ್ಲಿನ ವರದಿ ಬಸ್ಸಿನ ಕಚೇರಿಗಿರಲಿ, ಅವನ ಹೆಂಡತಿಗೂ ಹೋಗುವುದಿಲ್ಲ, ಮೊದಲೇ ಬಾಯಿಬಿಟ್ಟು ಕೇಳಿದ್ದರೆ ಇಷ್ಟೆಲ್ಲ ಆಗುತ್ತಿತ್ತೇ ಎಂದರು. ಅವನು ಅಲ್ಲೇ ಅಂಗಿಯ ತೋಳು ಮೇಲೇರಿಸಿದ. ಈ ಸಲ ಆ ಹೆಂಗಸು ಡಾಕ್ಟರಮ್ಮನ ಕಣ್ಣೆದುರೇ ರಕ್ತ ತೆಗೆದು, ಮೊಹರು ಹಾಕಿ, ಚೀಟಿಯ ಮೇಲೆ ಅವನಿಂದಲೇ ಸಹಿ ಹಾಕಿಸಿಕೊಂಡಳು. ಹೊರಡುವಾಗ ಬಾಗಿಲವರೆಗೂ ಬಂದು, "ನಿಮ್ಮಿಂದ ನನ್ನ ಕೆಲಸ ಉಳೀತು, ಅಣ್ಣಾ" ಎಂದಳು.

ಮನೆಗೆ ಬಂದಾಗ ಅಮ್ಮ ಅಕ್ಕನಿಗೆ ಊಟ ಮಾಡಿಸಿ ತಟ್ಟೆ ತೊಳೆಯುತ್ತಿದ್ದಳು. ಅವನು ಮೊದಲಿನಿಂದ ಕೊನೆಯವರೆಗೆ ಒಂದೂ ಬಿಡದೆ ಹೇಳಿದ. ನಿಜ ಹೇಳಿ ಬಂದವನಿಗೆ ಮೈಯೆಲ್ಲ ಹಗುರವಾಗಿತ್ತು. ಅಮ್ಮನ ಕೈ ನಿಂತದ್ದು ಅವನಿಗೆ ಕೊಂಚ ತಡವಾಗಿ ಕಂಡಿತು. ನಲ್ಲಿ ಮಾತ್ರ ಸುರಿಯುತ್ತಲೇ ಇತ್ತು.

"ಹಾಗಾದ್ರೆ ಈಗ ನಿನ್ನ ರಕ್ತಾನೇ ಕೊಟ್ಟು ಬಂದ್ಯಾ?"

"ನಂದೇ ಅಮ್ಮ. ಈ ಸಲ ಅದಲುಬದಲು ಅನ್ನೋ ಮಾತೇ ಇಲ್ಲ. ಮೂರು ವಾರಕ್ಕೆ ಗೊತ್ತಾಗುತ್ತೆ."

ಅಮ್ಮ ನಲ್ಲಿ ನಿಲ್ಲಿಸಿದಳು. ಅಕ್ಕ ಮಲಗಿದ್ದ ಕೋಣೆಯ ಬಾಗಿಲನ್ನು ಸದ್ದಾಗದಂತೆ ಎಳೆದು ಬಂದು, ಅವನ ಕೈಯನ್ನು ತನ್ನ ಒದ್ದೆ ಕೈಗಳಲ್ಲಿ ಹಿಡಿದುಕೊಂಡಳು.

"ಅದೂ ನಿನ್ನ ಅಕ್ಕನ ರಕ್ತಕ್ಕೆ ಹೊಂದಲ್ಲ, ಮಗಾ. ನನ್ನ ರಕ್ತಕ್ಕೂ ಹೊಂದಲ್ಲ. ಆ ಹೆಂಗಸನ್ನ ಮತ್ತೆ ಕೆಲಸದಿಂದ ತೆಗೀಬೇಡಿ ಅಂತ ಈ ಸಲ ನಾನೇ ಬಂದು ಹೇಳ್ತೀನಿ."